ಲಿನಕ್ಸ್‌ನಲ್ಲಿ ಕೀಬೋರ್ಡಿನ ಹೆಚ್ಚುವರಿ ಕೀಗಳು: ಎಚ್‌ಡಬ್ಲ್ಯುಡಿಬಿ, ಕೀಡಿ, ಇನ್‌ಪುಟ್ ರೀಮ್ಯಾಪರ್, ಯಾರಿಗೆ ಯಾವುದು?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ಅಲ್ಲಿಂದೀಚೆಗೆ ದಾವಣಗೆರೆಯಲ್ಲಿ ನನ್ನನ್ನು ಲಿನಕ್ಸ್ ಬಗ್ಗೆ ಕೇಳುವವರು ಜಾಸ್ತಿಯಾಗಿದ್ದಾರೆ. ಮಂಡಿಪೇಟೆಯಲ್ಲಿ ಲೆಕ್ಕ ಬರೆಯುವವರು, ಪಿ.ಜೆ. ಬಡಾವಣೆಯ ಡಿಟಿಪಿ ಅಂಗಡಿಯವರು, ಬಿಐಇಟಿ ಮತ್ತು ಯುಬಿಡಿಟಿ ಕಾಲೇಜಿನ ಹುಡುಗರು. ಎಲ್ಲರದ್ದೂ ಒಂದೇ ಕಥೆ. ಕಂಪ್ಯೂಟರ್ ಗಟ್ಟಿಯಾಗಿದೆ, ವಿಂಡೋಸ್ 11 ಅದರಲ್ಲಿ ಕೂರುವುದಿಲ್ಲ, ಹಾಗಾಗಿ ಲಿನಕ್ಸ್‌ನ ಬಗೆಗಳಾದ (ಇವನ್ನೇ ಡಿಸ್ಟ್ರೋ ಅನ್ನುತ್ತಾರೆ) ಮಿಂಟ್ ಅಥವಾ ಉಬುಂಟು ಹಾಕಿಕೊಂಡಿದ್ದಾರೆ. ವೈಫೈ ಬಂತು, ಪ್ರಿಂಟರ್ ಬಂತು. ಕೀಬೋರ್ಡಿನ ಮೇಲಿನ ಸಾಲಿನ ಕೀಗಳು ಮಾತ್ರ ಸುಮ್ನೆ ಕೂತಿವೆ. ಕ್ಯಾಲ್ಕುಲೇಟರ್ ಕೀ, ಮೇಲ್ ಕೀ, ಮೈಕ್ ಬಂದ್ ಮಾಡುವ ಕೀ, ಎಡಗಡೆಯ ಮ್ಯಾಕ್ರೊ ಕೀಗಳು (ಒಂದೇ ಒತ್ತಿಗೆ ಹಲವು ಕೀಗಳ ಕೆಲಸ ಮಾಡುವಂಥವು), ಹೊಸ ಲ್ಯಾಪ್‌ಟಾಪ್ ಆದರೆ ಮೈಕ್ರೋಸಾಫ್ಟ್‌ನ ಎಐ ಸಹಾಯಕನನ್ನು ತೆರೆಯುವ ಕೋಪೈಲಟ್ ಕೀ.

ಪರಿಹಾರ ಹುಡುಕಲು ಹೋದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಎಕ್ಸ್‌ಮಾಡ್‌ಮ್ಯಾಪ್ ಅನ್ನುತ್ತಾರೆ, ಎಚ್‌ಡಬ್ಲ್ಯುಡಿಬಿ ಅನ್ನುತ್ತಾರೆ, ಕೀಡಿ, ಕನಾಟ, ಇನ್‌ಪುಟ್ ರೀಮ್ಯಾಪರ್ ಅನ್ನುತ್ತಾರೆ. ಇನ್ನೊಬ್ಬರು ಇದೆಲ್ಲ ಯಾಕೆ, ಕ್ಯುಎಂಕೆ ಇರುವ ಕೀಬೋರ್ಡನ್ನೇ ತಗೊಳ್ಳಿ ಅನ್ನುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಅವರವರ ತೊಂದರೆಗೆ ಅದು ಸರಿಹೋಗಿದೆ, ಅಷ್ಟೇ. ನಿಮ್ಮ ತೊಂದರೆ ಯಾವುದು ಅನ್ನುವುದು ಮೊದಲು ಗೊತ್ತಾಗಬೇಕು.

ಆಯ್ಕೆಗೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಮೊದಲ ಪ್ರಶ್ನೆ: ಕೀ ಒತ್ತಿದ ಸುದ್ದಿ ಎಲ್ಲಿಯವರೆಗೆ ಹೋಗಿ ನಿಂತಿದೆ? ನನ್ನ ಲೆಕ್ಕದಲ್ಲಿ ಮುಕ್ಕಾಲು ಪಾಲು ತೀರ್ಮಾನ ಇಲ್ಲೇ ಆಗುತ್ತದೆ.

ಎಪಿಎಂಸಿಗೆ ಮೆಕ್ಕೆಜೋಳದ ಲೋಡು ಬಂದರೆ ಗೇಟಿನಲ್ಲಿ ಚೀಟಿ, ಆಮೇಲೆ ಲಾಟ್ ನಂಬರು, ಆಮೇಲೆ ಖರೀದಿದಾರ. ಒಂದು ಕಡೆ ಚೀಟಿ ತಪ್ಪಿದರೆ ಮುಂದಿನವರಿಗೆ ಮಾಲು ಬಂದದ್ದೇ ಗೊತ್ತಾಗುವುದಿಲ್ಲ. ಕೀಬೋರ್ಡಿನದ್ದೂ ಹೀಗೆಯೇ. ಕೀ ಒತ್ತಿದಾಗ ಹಾರ್ಡ್‌ವೇರ್ ಒಂದು ಸ್ಕ್ಯಾನ್‌ಕೋಡ್ ಕಳಿಸುತ್ತದೆ. ಲಿನಕ್ಸ್‌ನ ತಿರುಳಾದ ಕರ್ನಲ್ ಅದನ್ನು ಕೀಕೋಡ್ ಎಂಬ ಸಂಖ್ಯೆಯಾಗಿ ಬದಲಿಸುತ್ತದೆ. ಉದಾಹರಣೆಗೆ ಮ್ಯೂಟ್ ಕೀಗೆ 113, ವಾಲ್ಯೂಮ್ ಇಳಿಸಲು 114, ಏರಿಸಲು 115, ಕ್ಯಾಲ್ಕುಲೇಟರಿಗೆ 140. ಆಮೇಲೆ ಎಕ್ಸ್‌ಕೆಬಿ ಎಂಬ ವ್ಯವಸ್ಥೆ ಆ ಸಂಖ್ಯೆಗೆ ಒಂದು ಹೆಸರು ಕೊಡುತ್ತದೆ. ಅದನ್ನು ಕೀಸಿಮ್ ಅನ್ನುತ್ತಾರೆ. ಕೊನೆಗೆ ಡೆಸ್ಕ್‌ಟಾಪ್ ಆ ಹೆಸರು ನೋಡಿ ಕೆಲಸ ಮಾಡುತ್ತದೆ. ನಾಲ್ಕರಲ್ಲಿ ಎಲ್ಲಿ ಕೊಂಡಿ ಕಳಚಿದೆಯೋ ಅಲ್ಲೇ ರಿಪೇರಿ ಮಾಡಬೇಕು.

ಎರಡನೆಯದು, ನಿಮ್ಮದು ಎಕ್ಸ್11 ಸೆಷನ್ನಾ, ವೇಲ್ಯಾಂಡಾ? ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಎರಡು ವ್ಯವಸ್ಥೆಗಳಿವು, ಎಕ್ಸ್11 ಹಳೆಯದು, ವೇಲ್ಯಾಂಡ್ ಹೊಸದು. ಗ್ನೋಮ್ ಎಂಬ ಡೆಸ್ಕ್‌ಟಾಪ್‌ನಲ್ಲಿ ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ಇದು ಕಾಣುತ್ತದೆ. ಉಬುಂಟು 21.04ರಿಂದ ವೇಲ್ಯಾಂಡನ್ನೇ ಮುಂದಿಟ್ಟಿದೆ. 25.10ರಲ್ಲಿ ಗ್ನೋಮ್‌ಗೆ ಎಕ್ಸ್11 ಸೆಷನ್ನೇ ಇಲ್ಲ. ಲಿನಕ್ಸ್ ಮಿಂಟ್‌ನ ಸಿನಮನ್ ಡೆಸ್ಕ್‌ಟಾಪ್ ಮಾತ್ರ ತಾನಾಗಿ ಎಕ್ಸ್11ನಲ್ಲೇ ತೆರೆದುಕೊಳ್ಳುತ್ತದೆ. ಹಳೆಯ ಸಲಹೆಗಳಲ್ಲಿ ಎಷ್ಟೋ ಎಕ್ಸ್11 ಕಾಲದವು. ವೇಲ್ಯಾಂಡ್‌ನಲ್ಲಿ ಅವು ಕೆಲಸಕ್ಕೆ ಬರುವುದಿಲ್ಲ.

ಮೂರನೆಯದು, ಆ ಕೀಯಿಂದ ನಿಮಗೆ ಏನು ಆಗಬೇಕು? ಸತ್ತ ಕೀ ತನ್ನ ಕೆಲಸ ತಾನು ಮಾಡಿದರೆ ಸಾಕಾ? ಬೇರೆ ಕೀ ಆಗಬೇಕಾ? ಒಂದು ಪ್ರೋಗ್ರಾಂ ತೆರೆಯಬೇಕಾ? ಒಂದು ಅಕ್ಷರ ಮೂಡಬೇಕಾ? ಒತ್ತಿ ಬಿಟ್ಟರೆ ಒಂದು, ಹಿಡಿದುಕೊಂಡರೆ ಇನ್ನೊಂದು ಆಗಬೇಕಾ? ಕೆಳಗಿನ ಯಾವ ದಾರಿಯೂ ಈ ಐದನ್ನೂ ಒಂದೇ ಸಮ ಚೆನ್ನಾಗಿ ಮಾಡುವುದಿಲ್ಲ.

ಇನ್ನು ದುಡ್ಡು, ಸಮಯ, ಅಡ್ಮಿನ್ ಪಾಸ್‌ವರ್ಡ್. ಕಾಲೇಜು ಲ್ಯಾಬಿನ ಕಂಪ್ಯೂಟರ್ ಆದರೆ ನಿಮಗೆ ರೂಟ್, ಅಂದರೆ ಅಡ್ಮಿನ್, ಅನುಮತಿ ಇರುವುದಿಲ್ಲ. ಅಂಗಡಿಯಲ್ಲಿ ಮೂರು ಜನ ಒಂದೇ ಕಂಪ್ಯೂಟರ್ ಬಳಸುತ್ತಿದ್ದರೆ ನಿಮ್ಮ ಜಾಣತನದ ಕೀ ಬದಲಾವಣೆ ಉಳಿದಿಬ್ಬರಿಗೆ ತಲೆನೋವು. ಅದೂ ಲೆಕ್ಕಕ್ಕೆ ಬರಬೇಕು ಅಲ್ವಾ?

ಮೊದಲು ಪರೀಕ್ಷೆ

ಎವ್‌ಟೆಸ್ಟ್ ಅನ್ನುವ ಚಿಕ್ಕ ಪ್ರೋಗ್ರಾಂ ಇದೆ. ಹೆಚ್ಚುಕಡಿಮೆ ಎಲ್ಲ ಡಿಸ್ಟ್ರೋಗಳಲ್ಲೂ ಸಿಗುತ್ತದೆ. ಟರ್ಮಿನಲ್‌ನಲ್ಲಿ (ಕಮಾಂಡ್ ಬರೆಯುವ ಕಿಟಕಿ) ಸುಡೊ (ಅಡ್ಮಿನ್ ಅನುಮತಿ ಕೊಡುವ ಕಮಾಂಡ್) ಜೊತೆ ಅದನ್ನು ಓಡಿಸಿದರೆ ಇನ್‌ಪುಟ್ ಸಾಧನಗಳ ಪಟ್ಟಿ ಬರುತ್ತದೆ. ಇಲ್ಲಿ ಜನ ಎಡವುತ್ತಾರೆ. ಒಂದೇ ಯುಎಸ್‌ಬಿ ಕೀಬೋರ್ಡು ಪಟ್ಟಿಯಲ್ಲಿ ಎರಡು ಮೂರು ಸಾಧನವಾಗಿ ಕಾಣುತ್ತದೆ. ಮಾಮೂಲಿ ಅಕ್ಷರಗಳಿಗೆ ಒಂದು, ವಾಲ್ಯೂಮ್ ತರಹದ ಕೀಗಳಿಗೆ ಕನ್ಸ್ಯೂಮರ್ ಕಂಟ್ರೋಲ್ ಎಂಬ ಇನ್ನೊಂದು, ಪವರ್ ಮತ್ತು ಸ್ಲೀಪ್ ಕೀಗಳಿಗೆ ಸಿಸ್ಟಮ್ ಕಂಟ್ರೋಲ್ ಎಂಬ ಮತ್ತೊಂದು. ಮೊದಲನೆಯದನ್ನು ಮಾತ್ರ ನೋಡಿ ಕೀ ಸತ್ತಿದೆ ಅಂದುಬಿಡಬೇಡಿ. ಲ್ಯಾಪ್‌ಟಾಪ್‌ಗಳಲ್ಲೂ ಹೀಗೇ. ಥಿಂಕ್‌ಪ್ಯಾಡ್ ಎಕ್ಸ್‌ಟ್ರಾ ಬಟನ್ಸ್, ಏಸಸ್ ಡಬ್ಲ್ಯುಎಂಐ ಹಾಟ್‌ಕೀಸ್, ಡೆಲ್ ಡಬ್ಲ್ಯುಎಂಐ ಹಾಟ್‌ಕೀಸ್ ಅಂತ ಬೇರೆ ಸಾಲುಗಳಿರುತ್ತವೆ. ಒಂದೊಂದನ್ನೂ ತೆರೆದು ಕೀ ಒತ್ತಿ ನೋಡಿ.

ಸರಿಯಾದ ಕೀ ಹೆಸರು ಬಂದರೆ ಕರ್ನಲ್‌ವರೆಗೆ ಎಲ್ಲ ಸರಿಯಿದೆ. ತೊಂದರೆ ಮೇಲಿನ ಹಂತದಲ್ಲಿದೆ. ಸ್ಕ್ಯಾನ್‌ಕೋಡ್ ಬಂದು ಹೆಸರು ಬರದಿದ್ದರೆ, ಅಥವಾ ತಪ್ಪು ಹೆಸರು ಬಂದರೆ, ಕರ್ನಲ್‌ಗೆ ಆ ಕೀ ಪರಿಚಯ ಇಲ್ಲ. ಇದಕ್ಕೆ ಎಚ್‌ಡಬ್ಲ್ಯುಡಿಬಿ, ಅಂದರೆ ಮುಂದೆ ಹೇಳುವ ಹಾರ್ಡ್‌ವೇರ್ ಪಟ್ಟಿ, ಮದ್ದು. ಯಾವ ಸಾಧನದಲ್ಲೂ ಏನೂ ಬರದಿದ್ದರೆ ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೇಜ್ ಕಮಾಂಡ್ ಓಡಿಸಿ ನೋಡಿ. ಲ್ಯಾಪ್‌ಟಾಪ್‌ನ ಒಳ ಕೀಬೋರ್ಡು ಹೆಚ್ಚಾಗಿ ಹಳೆಯ ಪಿಎಸ್/2 ರೀತಿಯಲ್ಲೇ ಜೋಡಣೆಯಾಗಿರುತ್ತದೆ. ಗೊತ್ತಿಲ್ಲದ ಕೀ ಒತ್ತಿದರೆ ಕರ್ನಲ್ ಅಲ್ಲಿ ಅದರ ಕೋಡನ್ನು ಬರೆದು, ಸೆಟ್‌ಕೀಕೋಡ್ಸ್ ಕಮಾಂಡ್ ಬಳಸಿ ಪರಿಚಯ ಮಾಡಿಸಿ ಅಂತ ತಾನೇ ಹೇಳುತ್ತದೆ.

ಅಲ್ಲೂ ಏನೂ ಇಲ್ಲವೇ? ಹಾಗಿದ್ದರೆ ಆ ಕೀಯನ್ನು ಲ್ಯಾಪ್‌ಟಾಪಿನ ಒಳ ಚಿಪ್ಪೇ ನುಂಗುತ್ತಿದೆ, ಇಲ್ಲವೇ ಆ ಮಾಡೆಲ್‌ಗೆ ಕರ್ನಲ್ ಡ್ರೈವರ್ ಬಂದಿಲ್ಲ. ಎಫ್ಎನ್ ಕೀಯ ಹಣೆಬರಹ ಹೆಚ್ಚಾಗಿ ಇದೇ. ಎಷ್ಟೋ ಮಾಡೆಲ್‌ಗಳಲ್ಲಿ ಬರೀ ಎಫ್ಎನ್ ಒತ್ತಿದರೆ ಹೊರಗೆ ಸುದ್ದಿಯೇ ಬರುವುದಿಲ್ಲ. ಬಂದಿಲ್ಲದ ಸುದ್ದಿಯನ್ನು ಯಾವ ಸಾಫ್ಟ್‌ವೇರೂ ಬದಲಿಸಲಾರದು. ಬಯಾಸ್‌ನಲ್ಲಿ ಫಂಕ್ಷನ್ ಕೀ ಸೆಟ್ಟಿಂಗ್ ಇದೆಯಾ ನೋಡಿ, ಎಫ್ಎನ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿ ನೋಡಿ, ಹೊಸ ಕರ್ನಲ್ ಹಾಕಿ ನೋಡಿ. ಹಾಗೆಯೇ, ಬೆಣ್ಣೆ ದೋಸೆ ತಿಂದ ಕೈಯಲ್ಲಿ ಒತ್ತಿ ಒತ್ತಿ ಅಂಟಿಕೊಂಡ ಕೀ ಆದರೆ ಮೊದಲು ಅದನ್ನು ಒರೆಸಿ.

ಮೆಕ್ಯಾನಿಕಲ್ ಕೀಬೋರ್ಡಿನವರಿಗೆ ಒಂದು ಮಾತು. ಕೀಕ್ರಾನ್‌ನಂತಹ ಕೆಲವು ಕೀಬೋರ್ಡುಗಳು ತಾವು ಆಪಲ್ ಕೀಬೋರ್ಡು ಅಂತ ಹೇಳಿಕೊಳ್ಳುತ್ತವೆ. ಆಗ ಕರ್ನಲ್‌ನ ಎಚ್‌ಐಡಿ ಆಪಲ್ ಡ್ರೈವರ್ ಅವನ್ನು ಹಿಡಿಯುತ್ತದೆ. ಎಫ್1ರಿಂದ ಎಫ್12 ಒತ್ತಿದರೆ ಬ್ರೈಟ್‌ನೆಸ್, ವಾಲ್ಯೂಮ್ ಆಗುತ್ತದೆ. ಆ ಡ್ರೈವರಿನ ಎಫ್ಎನ್‌ಮೋಡ್ ಎಂಬ ಆಯ್ಕೆಯನ್ನು 2 ಮಾಡಿದರೆ ಮುಗಿಯಿತು. ಇದಕ್ಕಾಗಿ ಕೀ ಬದಲಿಸುವ ರೀಮ್ಯಾಪರ್ ಹಾಕುವುದು ದಂಡ.

ಖರ್ಚಿಲ್ಲದ ದಾರಿ: ಡೆಸ್ಕ್‌ಟಾಪಿನ ಶಾರ್ಟ್‌ಕಟ್

ಎವ್‌ಟೆಸ್ಟ್‌ನಲ್ಲಿ ಸರಿಯಾದ ಹೆಸರು ಬರುತ್ತಿದೆ, ಆದರೆ ಒತ್ತಿದರೆ ಏನೂ ಆಗುವುದಿಲ್ಲ ಅಂದರೆ ಬೇರೆ ಏನೂ ಬೇಡ. ಗ್ನೋಮ್, ಕೆಡಿಇ, ಸಿನಮನ್, ಎಕ್ಸ್‌ಎಫ್‌ಸಿಇ ಎಂಬ ಡೆಸ್ಕ್‌ಟಾಪ್‌ಗಳೆಲ್ಲದರಲ್ಲೂ ಕೀಬೋರ್ಡ್ ಸೆಟ್ಟಿಂಗ್ಸ್ ಒಳಗೆ ಕಸ್ಟಮ್ ಶಾರ್ಟ್‌ಕಟ್ ಇದೆ. ಹೆಸರು ಕೊಡಿ, ಓಡಬೇಕಾದ ಕಮಾಂಡ್ ಕೊಡಿ, ಕೀ ಒತ್ತಿ. ಮೇಲ್ ಕೀ ಒತ್ತಿದರೆ ಲೆಕ್ಕದ ಫೈಲೇ ತೆರೆಯಲಿ ಅಂದರೂ ಆಗುತ್ತದೆ. ರೂಟ್ ಅನುಮತಿ ಬೇಡ. ಬದಲಾವಣೆ ನಿಮ್ಮ ಲಾಗಿನ್‌ಗೆ ಮಾತ್ರ. ಲ್ಯಾಬ್ ಕಂಪ್ಯೂಟರ್ ಬಳಸುವವರಿಗೆ ಹೆಚ್ಚುಕಡಿಮೆ ಇದೊಂದೇ ದಾರಿ, ಅದೂ ಒಳ್ಳೆಯ ದಾರಿಯೇ.

ಕೊರತೆ ಏನೆಂದರೆ, ಒಂದು ಕೀಯನ್ನು ಇನ್ನೊಂದು ಕೀ ಮಾಡಲು ಇದರಿಂದ ಆಗುವುದಿಲ್ಲ. ಡೆಸ್ಕ್‌ಟಾಪ್ ಬದಲಿಸಿದರೆ ಮತ್ತೆ ಮೊದಲಿಂದ ಮಾಡಬೇಕು.

ಎಚ್‌ಡಬ್ಲ್ಯುಡಿಬಿ: ಒಮ್ಮೆ ಮಾಡಿ ಮರೆತುಬಿಡಿ

ಸಿಸ್ಟಮ್‌ಡಿ (ಕಂಪ್ಯೂಟರ್ ಶುರುವಾದಾಗ ಉಳಿದದ್ದನ್ನೆಲ್ಲ ಶುರು ಮಾಡುವ ವ್ಯವಸ್ಥೆ) ಇರುವ ಎಲ್ಲ ಡಿಸ್ಟ್ರೋಗಳಲ್ಲಿ, ಸಾಧನಗಳನ್ನು ಗುರುತಿಸುವ ಯುಡೆವ್ ಜೊತೆಗೆ ಒಂದು ಹಾರ್ಡ್‌ವೇರ್ ಪಟ್ಟಿ ಬರುತ್ತದೆ. ಅದೇ ಎಚ್‌ಡಬ್ಲ್ಯುಡಿಬಿ. ಯಾವ ಕಂಪನಿಯ ಯಾವ ಕೀಬೋರ್ಡಿನಲ್ಲಿ ಯಾವ ಸ್ಕ್ಯಾನ್‌ಕೋಡ್ ಬಂದರೆ ಯಾವ ಕೀ ಅಂತ ಅದರಲ್ಲಿ ಬರೆದಿರುತ್ತದೆ. ನಿಮ್ಮದು ಆ ಪಟ್ಟಿಯಲ್ಲಿ ಇಲ್ಲದಿದ್ದರೆ ನೀವೇ ಸೇರಿಸಬಹುದು. ಇಟಿಸಿ ಫೋಲ್ಡರಿನ ಯುಡೆವ್ ಒಳಗಿನ ಎಚ್‌ಡಬ್ಲ್ಯುಡಿಬಿ ಫೋಲ್ಡರಿನಲ್ಲಿ 90 ಎಂದು ಶುರುವಾಗುವ ಹೆಸರಿನ ಒಂದು ಫೈಲ್ ಮಾಡಿ. ಮೊದಲ ಸಾಲಿನಲ್ಲಿ ಕೀಬೋರ್ಡಿನ ಗುರುತು, ಅಂದರೆ ಯುಎಸ್‌ಬಿ ಆದರೆ ತಯಾರಕರ ಸಂಖ್ಯೆ ಮತ್ತು ಮಾಡೆಲ್ ಸಂಖ್ಯೆ. ಎರಡನೇ ಸಾಲಿನಲ್ಲಿ ಸ್ಕ್ಯಾನ್‌ಕೋಡು ಮತ್ತು ಬೇಕಾದ ಕೀ ಹೆಸರು. ಆಮೇಲೆ ಸಿಸ್ಟಮ್‌ಡಿ ಎಚ್‌ಡಬ್ಲ್ಯುಡಿಬಿ ಅಪ್‌ಡೇಟ್ ಕಮಾಂಡು, ಕೊನೆಗೆ ಯುಡೆವ್‌ಎಡಿಎಂ ಟ್ರಿಗರ್ ಕಮಾಂಡು.

ಕೆಲಸ ಮಾಡದಿದ್ದರೆ ಎರಡು ಕಡೆ ನೋಡಿ. ಗುರುತಿನ ಸಾಲಿನ ಎರಡು ಸಂಖ್ಯೆಗಳಲ್ಲಿ ಬರುವ ಇಂಗ್ಲಿಷ್ ಅಕ್ಷರಗಳು ದೊಡ್ಡಕ್ಷರದಲ್ಲಿರಬೇಕು. ಎರಡನೇ ಸಾಲು ಒಂದು ಖಾಲಿ ಜಾಗದಿಂದ ಶುರುವಾಗಬೇಕು. ಎಡವಟ್ಟು ಆಗುವುದು ಸಾಮಾನ್ಯವಾಗಿ ಇಲ್ಲೇ.

ಇದರ ಗುಣ ದೊಡ್ಡದು. ಹಿನ್ನೆಲೆಯಲ್ಲಿ ಯಾವ ಪ್ರೋಗ್ರಾಮೂ ಓಡುತ್ತಿರುವುದಿಲ್ಲ. ಎಕ್ಸ್11 ಇರಲಿ, ವೇಲ್ಯಾಂಡ್ ಇರಲಿ, ಕಪ್ಪು ಪರದೆಯ ಕನ್ಸೋಲೇ ಇರಲಿ, ಕೆಲಸ ಮಾಡುತ್ತದೆ. ಕೀಬೋರ್ಡು ಕಿತ್ತು ಮತ್ತೆ ಚುಚ್ಚಿದರೂ ಹೋಗುವುದಿಲ್ಲ. ಸೆಟ್‌ಕೀಕೋಡ್ಸ್ ಇದೇ ಕೆಲಸವನ್ನು ತಕ್ಷಣ ಮಾಡುತ್ತದೆ ನಿಜ, ಆದರೆ ಕರೆಂಟು ಹೋಗಿ ಕಂಪ್ಯೂಟರ್ ಮತ್ತೆ ಶುರುವಾದರೆ ಎಲ್ಲ ಮರೆತಿರುತ್ತದೆ. ಯುಎಸ್‌ಬಿ ಕೀಬೋರ್ಡಿಗೆ ಅದು ಆಗುವುದೂ ಇಲ್ಲ. ಪರೀಕ್ಷೆಗೆ ಬಳಸಿ, ಅಷ್ಟು ಸಾಕು.

ಎಚ್‌ಡಬ್ಲ್ಯುಡಿಬಿಯ ಇನ್ನೊಂದು ಉಪಯೋಗ ನನಗೆ ಬಹಳ ಹಿಡಿಸಿದ್ದು: ಬೇಡದ ಕೀಯನ್ನು ಸಾಯಿಸುವುದು. ಕೆಲವು ಕೀಬೋರ್ಡುಗಳಲ್ಲಿ ನಂಬರ್ ಕೀಗಳ ಪಕ್ಕದಲ್ಲೇ ಪವರ್, ಸ್ಲೀಪ್ ಕೀಗಳಿರುತ್ತವೆ. ಸೀಸನ್‌ನಲ್ಲಿ ಸರಸರ ಬಿಲ್ ಹೊಡೆಯುವಾಗ ಬೆರಳು ಅಲ್ಲಿ ತಾಗಿದರೆ ಕಂಪ್ಯೂಟರ್ ಮಲಗಿಬಿಡುತ್ತದೆ. ಆ ಸ್ಕ್ಯಾನ್‌ಕೋಡಿಗೆ ರಿಸರ್ವ್ಡ್ ಅಂತ ಬರೆದರೆ ಆ ಕಾಟ ತಪ್ಪಿತು.

ಮಿತಿಯೂ ಇದೆ. ಒಂದು ಕೀಗೆ ಒಂದೇ ಕೀ. ಮ್ಯಾಕ್ರೊ ಇಲ್ಲ, ಹಿಡಿದರೆ ಬೇರೆ ಅನ್ನುವುದಿಲ್ಲ, ಪ್ರೋಗ್ರಾಂ ಓಡಿಸುವುದಿಲ್ಲ. ಪ್ರೋಗ್ರಾಂ ಓಡಬೇಕಾದರೆ ಇಲ್ಲಿ ಕೀಗೆ ಹೆಸರು ಕೊಟ್ಟು, ಡೆಸ್ಕ್‌ಟಾಪ್ ಶಾರ್ಟ್‌ಕಟ್‌ನಲ್ಲಿ ಆ ಹೆಸರಿಗೆ ಕಮಾಂಡ್ ಕಟ್ಟಬೇಕು.

ಹೆಸರು ಆರಿಸುವಾಗ ಎಕ್ಸ್11ನವರು ಎಚ್ಚರ. ಎಕ್ಸ್ ಸರ್ವರ್ ಕರ್ನಲ್‌ನ ಸಂಖ್ಯೆಗೆ 8 ಕೂಡಿಸುತ್ತದೆ ಮತ್ತು 255ಕ್ಕಿಂತ ಮೇಲಿನದ್ದನ್ನು ನೋಡುವುದೇ ಇಲ್ಲ. ಮೈಕ್ ಮ್ಯೂಟ್ ಕೀಯ ಸಂಖ್ಯೆ 248. 8 ಕೂಡಿದರೆ 256. ಒಂದೇ ಒಂದು ಸಂಖ್ಯೆಯಿಂದ ತಪ್ಪಿಹೋಯಿತು! ಅದಕ್ಕೇ ಆ ಪಟ್ಟಿಯಲ್ಲಿ ಎಷ್ಟೋ ಲ್ಯಾಪ್‌ಟಾಪ್‌ಗಳ ಮೈಕ್ ಕೀಯನ್ನು ಎಫ್20 ಅಂತ ಬರೆದಿದ್ದಾರೆ. ಎಕ್ಸ್‌ಕೆಬಿ ಎಫ್20ಯನ್ನು ಮೈಕ್ ಮ್ಯೂಟ್ ಅಂತಲೇ ಓದುತ್ತದೆ. ಗೇಮಿಂಗ್ ಕೀಬೋರ್ಡಿನ ಮ್ಯಾಕ್ರೊ ಕೀಗಳಿಗೆ ಕರ್ನಲ್ ಕೊಟ್ಟಿರುವ ಸಂಖ್ಯೆಗಳು 656ರಿಂದ ಶುರು. ಎವ್‌ಟೆಸ್ಟ್‌ನಲ್ಲಿ ಚೆನ್ನಾಗಿ ಕಂಡು ಎಕ್ಸ್11ನಲ್ಲಿ ಮಾಯವಾಗುವ ಗುಟ್ಟು ಇದೇ. ಅಂಥವನ್ನು ಎಫ್13ರಿಂದ ಎಫ್18ರ ಒಳಗೆ ಇಳಿಸಿಕೊಳ್ಳಿ. ಶಾರ್ಟ್‌ಕಟ್ ಪೆಟ್ಟಿಗೆಯಲ್ಲಿ ಎಫ್13 ಬದಲು ಟೂಲ್ಸ್, ಎಫ್14 ಬದಲು ಲಾಂಚ್5 ಅಂತ ಕಂಡರೆ ಗಾಬರಿ ಬೇಡ. ಎರಡೂ ಒಂದೇ.

ಎಕ್ಸ್‌ಕೆಬಿ ಆಯ್ಕೆಗಳು, ಮತ್ತು ಎಕ್ಸ್‌ಮಾಡ್‌ಮ್ಯಾಪ್ ಯಾಕೆ ಬೇಡ

ಎಕ್ಸ್‌ಮಾಡ್‌ಮ್ಯಾಪ್ ಬಗ್ಗೆ ಬೇಗ ಮುಗಿಸುತ್ತೇನೆ. ಅದು ಎಕ್ಸ್11ಗೆ ಮಾತ್ರ. ಲೇಔಟ್ ಬದಲಿಸಿದರೆ, ಕೀಬೋರ್ಡ್ ಕಿತ್ತು ಚುಚ್ಚಿದರೆ ಅಳಿಸಿಹೋಗುತ್ತದೆ. ಕನ್ನಡ, ಇಂಗ್ಲಿಷ್ ನಡುವೆ ದಿನವಿಡೀ ಓಡಾಡುವ ನಮಗೆ ಅದು ಒಗ್ಗುವುದಿಲ್ಲ.

ಎಕ್ಸ್‌ಕೆಬಿಯ ಸಿದ್ಧ ಆಯ್ಕೆಗಳು ಹಾಗಲ್ಲ. ಮಿಂಟ್‌ನಲ್ಲಿ ಕೀಬೋರ್ಡ್ ಲೇಔಟ್ ಪುಟದ ಆಪ್ಷನ್ಸ್ ಒಳಗೆ, ಗ್ನೋಮ್‌ನಲ್ಲಿ ಟ್ವೀಕ್ಸ್ ಒಳಗೆ, ಕೆಡಿಇಯಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್ ಒಳಗೆ ಟಿಕ್ ಹಾಕಿದರೆ ಸಾಕು. ಕ್ಯಾಪ್ಸ್ ಲಾಕನ್ನು ಕಂಟ್ರೋಲ್ ಮಾಡುವುದು, ಬಲಗಡೆಯ ಆಲ್ಟನ್ನು ಕಂಪೋಸ್ ಕೀ (ಎರಡು ಮೂರು ಕೀ ಸೇರಿಸಿ ವಿಶೇಷ ಚಿಹ್ನೆ ಮೂಡಿಸುವಂಥದ್ದು) ಮಾಡುವುದು ಇಂಥವು. 4ರ ಮೇಲೆ ₹ ಚಿಹ್ನೆ ಬರಿಸುವ ಆಯ್ಕೆಯೂ ಇದೆ. ಬಲ ಆಲ್ಟ್ ಜೊತೆ 4 ಒತ್ತಬೇಕು, ಅಷ್ಟೇ.

ಕನ್ನಡ ಟೈಪ್ ಮಾಡುವವರಿಗೆ ಇಲ್ಲಿ ಇನ್ನೊಂದು ಒಳ್ಳೆಯ ಮಾಲಿದೆ. "ರಾಜ್‌ಕುಮಾರ್" ಅಂತ ಬರೆಯುವಾಗ ಜ ಮತ್ತು ಕ ಒತ್ತಕ್ಷರವಾಗದೆ ಬಿಡಿಯಾಗಿ ನಿಲ್ಲಬೇಕಾದರೆ ನಡುವೆ ಕಾಣದ ಒಂದು ಅಕ್ಷರ ಬೇಕು. ಅದರ ಹೆಸರು ಝೀರೋ ವಿಡ್ತ್ ನಾನ್ ಜಾಯಿನರ್. ಮದುವೆ ಪತ್ರಿಕೆ ಮಾಡುವ ಡಿಟಿಪಿಯವರಿಗೆ ಇದು ಹೆಜ್ಜೆಹೆಜ್ಜೆಗೂ ಬೇಕು. ಎಕ್ಸ್‌ಕೆಬಿಯಲ್ಲಿ ಸ್ಪೇಸ್ ಬಾರಿನ ಎರಡನೇ ಮಟ್ಟಕ್ಕೆ, ಅಂದರೆ ಶಿಫ್ಟ್ ಜೊತೆ ಸ್ಪೇಸ್ ಒತ್ತಿದಾಗ, ಇದೇ ಅಕ್ಷರ ಬರುವ ಆಯ್ಕೆ ಇದೆ. ಹೆಚ್ಚುವರಿ ಕೀ ಯಾವುದೂ ಬೇಡವೇ ಬೇಡ.

ಸಿದ್ಧ ಪಟ್ಟಿಯಲ್ಲಿ ಇಲ್ಲದ್ದು ಬೇಕಾದರೆ ನಿಮ್ಮ ಹೋಮ್ ಫೋಲ್ಡರಿನ ಕಾನ್ಫಿಗ್ ಒಳಗೆ ಸ್ವಂತ ಎಕ್ಸ್‌ಕೆಬಿ ಫೈಲ್ ಬರೆಯಬಹುದು. ವೇಲ್ಯಾಂಡ್ ಅದನ್ನು ಓದುತ್ತದೆ, ಎಕ್ಸ್11 ಓದುವುದಿಲ್ಲ. ಅದರ ಭಾಷೆ ಮಾತ್ರ ಕಬ್ಬಿಣದ ಕಡಲೆ. ಒಂದು ಅಕ್ಷರ ಮೂಡಿಸಬೇಕು ಅನ್ನುವವರು ಇಲ್ಲಿಗೆ ಬನ್ನಿ. ಉಳಿದವರು ಮುಂದೆ ಹೋಗಿ.

ಕೀಡಿ ಮತ್ತು ಅದರ ಬಳಗ

ಒತ್ತಿ ಬಿಟ್ಟರೆ ಎಸ್ಕೇಪ್, ಹಿಡಿದರೆ ಕಂಟ್ರೋಲ್. ಒಂದು ಕೀ ಹಿಡಿದುಕೊಂಡಾಗ ಇಡೀ ಕೀಬೋರ್ಡು ನಂಬರ್ ಪ್ಯಾಡ್ ಆಗುವುದು. ಇಂಥದ್ದಕ್ಕೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮೇ ಬೇಕು. ಅದು ನಿಜವಾದ ಕೀಬೋರ್ಡನ್ನು ತಾನು ಹಿಡಿದುಕೊಂಡು, ಸಿಸ್ಟಮ್‌ಗೆ ಇನ್ನೊಂದು ವರ್ಚುವಲ್ ಕೀಬೋರ್ಡನ್ನು ತೋರಿಸುತ್ತದೆ. ಹಾಗಾಗಿ ಎಕ್ಸ್11, ವೇಲ್ಯಾಂಡ್, ಕನ್ಸೋಲ್ ಎಲ್ಲದರಲ್ಲೂ ನಡೆಯುತ್ತದೆ.

ಇವುಗಳಲ್ಲಿ ನನ್ನ ಓಟು ಕೀಡಿಗೆ. ಸಿ ಭಾಷೆಯಲ್ಲಿ ಬರೆದದ್ದು, ಹಗುರ. ಕಾನ್ಫಿಗ್ ಫೈಲು ನಾಲ್ಕೈದು ಸಾಲಿನಲ್ಲಿ ಮುಗಿಯುತ್ತದೆ. ಕೀಡಿ ಮಾನಿಟರ್ ಅಂತ ಕೊಟ್ಟರೆ ಒತ್ತಿದ ಕೀಯ ಹೆಸರು ತೋರಿಸುತ್ತದೆ. ಕೆಲವು ಡಿಸ್ಟ್ರೋಗಳ ಸಾಫ್ಟ್‌ವೇರ್ ಭಂಡಾರದಲ್ಲೇ ಇದೆ. ಇಲ್ಲದಿದ್ದರೆ ಸೋರ್ಸ್ ಕೋಡ್ ಇಳಿಸಿ, ಮೇಕ್ ಕಮಾಂಡ್ ಹೊಡೆದು ಸಿದ್ಧಪಡಿಸಬೇಕು, ಅದೇನು ಕಷ್ಟವಲ್ಲ. ಕಾನ್ಫಿಗ್ ತಪ್ಪಾಗಿ ಕೀಬೋರ್ಡೇ ಕೈಕೊಟ್ಟರೆ ಬ್ಯಾಕ್‌ಸ್ಪೇಸ್, ಎಸ್ಕೇಪ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿ. ಕೀಡಿ ನಿಂತುಹೋಗುತ್ತದೆ, ಹಳೆಯ ಕೀಬೋರ್ಡು ವಾಪಸ್.

ಕನಾಟ ರಸ್ಟ್ ಭಾಷೆಯಲ್ಲಿದೆ, ಕೆಮೋನಾಡ್ ಹ್ಯಾಸ್ಕೆಲ್‌ನಲ್ಲಿದೆ. ಎರಡರ ಕಾನ್ಫಿಗೂ ಲಿಸ್ಪ್ ತರಹದ ಆವರಣಗಳಿಂದ ತುಂಬಿರುತ್ತದೆ. ಆಫೀಸಿನಲ್ಲಿ ವಿಂಡೋಸ್, ರೂಮಿನಲ್ಲಿ ಲಿನಕ್ಸ್ ಅನ್ನುವವರಿಗೆ ಇವು ಲಾಭ. ಎರಡೂ ಕಡೆ ಅದೇ ಪ್ರೋಗ್ರಾಂ ಬಳಸಬಹುದು. ಬ್ರೌಸರಿನಲ್ಲಿ ಒಂದು ಅರ್ಥ, ಟರ್ಮಿನಲ್‌ನಲ್ಲಿ ಇನ್ನೊಂದು ಅರ್ಥ ಬೇಕಾದರೆ ಎಕ್ಸ್‌ರೀಮ್ಯಾಪ್ ನೋಡಿ.

ಇನ್ನು ಇದಕ್ಕೆಲ್ಲ ತೆರಬೇಕಾದ ಬೆಲೆ. ಮೊದಲನೆಯದಾಗಿ, ಕೀಡಿ ರೂಟ್ ಆಗಿ ಓಡುತ್ತದೆ, ನೀವು ಒತ್ತುವ ಪ್ರತಿ ಕೀಯನ್ನೂ ಓದುತ್ತದೆ. ಪಾಸ್‌ವರ್ಡೂ ಅದರ ಮೂಲಕವೇ ಹೋಗುತ್ತದೆ. ಹಾಗಾಗಿ ಸಿಕ್ಕ ಸಿಕ್ಕ ಕಡೆಯಿಂದ ಇಳಿಸಬೇಡಿ. ಕೀಡಿಯಿಂದಲೇ ಕಮಾಂಡ್ ಓಡಿಸುವ ಸೌಲಭ್ಯವಿದೆ, ಆದರೆ ಅದೂ ರೂಟ್ ಹೆಸರಿನಲ್ಲೇ ಓಡುತ್ತದೆ. ನನಗೆ ಅದು ಸರಿಬರುವುದಿಲ್ಲ. ಕೀಡಿ ಎಫ್13 ಕಳಿಸಲಿ, ಕಮಾಂಡನ್ನು ಡೆಸ್ಕ್‌ಟಾಪ್ ಓಡಿಸಲಿ.

ಎರಡನೆಯದು ಲ್ಯಾಪ್‌ಟಾಪಿನವರಿಗೆ. ಟೈಪ್ ಮಾಡುವಾಗ ಟಚ್‌ಪ್ಯಾಡ್ ತಾನಾಗಿ ಬಂದ್ ಆಗುವ ಅನುಕೂಲ ಕೀಡಿ ಹಾಕಿದ ಮೇಲೆ ಕೆಟ್ಟಂತೆ ಅನಿಸಬಹುದು. ಕೀಬೋರ್ಡು, ಟಚ್‌ಪ್ಯಾಡ್ ನೋಡಿಕೊಳ್ಳುವ ಲಿಬ್‌ಇನ್‌ಪುಟ್‌ಗೆ ಈ ವರ್ಚುವಲ್ ಕೀಬೋರ್ಡು ಹೊರಗಿನದ್ದು ಅನ್ನಿಸುವುದೇ ಕಾರಣ. ಲಿಬ್‌ಇನ್‌ಪುಟ್‌ನ ಲೋಕಲ್ ಓವರ್‌ರೈಡ್ಸ್ ಫೈಲಿನಲ್ಲಿ ಇದು ಒಳಗಿನ ಕೀಬೋರ್ಡೇ ಅಂತ ಬರೆದರೆ ಸರಿಹೋಗುತ್ತದೆ.

ಮೂರನೆಯದು ಕನ್ನಡದವರು ಗಮನಿಸಬೇಕಾದ್ದು. ಇವೆಲ್ಲ ಕಳಿಸುವುದು ಅಕ್ಷರವನ್ನಲ್ಲ, ಕೀಯ ಜಾಗವನ್ನು. ಒಂದು ಕೀ ಒತ್ತಿದರೆ ಅಂಗಡಿಯ ಇಮೇಲ್ ವಿಳಾಸ ಮೂಡಲಿ ಅಂತ ಮ್ಯಾಕ್ರೊ ಬರೆದಿರುತ್ತೀರಿ. ಆ ಹೊತ್ತಿಗೆ ಕನ್ನಡ ಲೇಔಟ್ ಆನ್ ಇದ್ದರೆ ಇಮೇಲ್ ಬದಲು ಕನ್ನಡದ ಕಲಸುಮೇಲೋಗರ ಮೂಡುತ್ತದೆ. ಪಠ್ಯ ಮೂಡಿಸುವ ಕೆಲಸವನ್ನು ಎಸ್ಪಾನ್ಸೊ ತರಹದ ಟೆಕ್ಸ್ಟ್ ಎಕ್ಸ್‌ಪ್ಯಾಂಡರಿಗೆ (ಚಿಕ್ಕ ಪದ ಬರೆದರೆ ಪೂರ್ತಿ ಪಠ್ಯ ಮೂಡಿಸುವ ಪ್ರೋಗ್ರಾಂ) ಬಿಡುವುದು ಮೇಲು. ಆದರೆ ಭಾಷೆ ಬದಲಿಸುವ ಕೀ ಮಾಡಿಕೊಳ್ಳಲು ಕೀಡಿ ಸೊಗಸು. ಗ್ನೋಮ್‌ನಲ್ಲಿ ಸೂಪರ್ (ವಿಂಡೋಸ್ ಕೀ) ಮತ್ತು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಅದನ್ನೇ ಮೆನು ಕೀಗೋ, ಯಾರೂ ಮುಟ್ಟದ ಸ್ಕ್ರೋಲ್ ಲಾಕ್‌ಗೋ ಕಟ್ಟಿದರೆ ಐಬಸ್ (ಲಿನಕ್ಸ್‌ನಲ್ಲಿ ಬೇರೆ ಭಾಷೆ ಟೈಪ್ ಮಾಡಿಸುವ ಪ್ರೋಗ್ರಾಂ) ಒಳಗಿನ ಕೆಜಿಪಿ ಲೇಔಟಿಗೂ ಇಂಗ್ಲಿಷಿಗೂ ಒಂದೇ ಬೆರಳಿನಲ್ಲಿ ಓಡಾಡಬಹುದು. ನುಡಿಯಲ್ಲಿ ಕೈ ಪಳಗಿದವರಿಗೆ ಆ ಲೇಔಟ್ ಹೊಸದೇನಲ್ಲ.

ಇನ್‌ಪುಟ್ ರೀಮ್ಯಾಪರ್: ಟರ್ಮಿನಲ್ ಬೇಡ ಅನ್ನುವವರಿಗೆ

ಇದಕ್ಕೆ ಕಿಟಕಿ ಇದೆ, ಬಟನ್ ಇದೆ. ಸಾಧನ ಆರಿಸಿ, ರೆಕಾರ್ಡ್ ಒತ್ತಿ, ಕೀ ಒತ್ತಿ, ಏನಾಗಬೇಕು ಅಂತ ಬರೆಯಿರಿ, ಅಪ್ಲೈ ಕೊಡಿ. ಕಂಪ್ಯೂಟರ್ ಶುರುವಾದಾಗಲೆಲ್ಲ ಬರಬೇಕಾದರೆ ಆಟೋಲೋಡ್ ಆನ್ ಮಾಡಿ. ಆ ಬಟನ್ ಮರೆತು, ಬೆಳಗ್ಗೆ ಎದ್ದು ನೋಡಿದರೆ ಎಲ್ಲ ಹೋಗಿದೆ ಅನ್ನುವವರೇ ಹೆಚ್ಚು. ಡೆಬಿಯನ್, ಉಬುಂಟು ಭಂಡಾರದಲ್ಲೇ ಸಿಗುತ್ತದೆ. ಮೌಸಿನ ಪಕ್ಕದ ಬಟನ್ನು, ಗೇಮ್‌ಪ್ಯಾಡ್ ಕೂಡ ಇದರಲ್ಲಿ ಸೇರಿಸಬಹುದು. ಒಂದು ಕೀ ಹಿಡಿದರೆ ಉಳಿದ ಕೀಗಳ ಅರ್ಥ ಬದಲಾಗುವ ಕೀಡಿಯ ಲೇಯರ್ ಆಟಗಳಿಗೆ ಇದು ಅಷ್ಟು ಒಗ್ಗುವುದಿಲ್ಲ. ಪೈಥಾನ್‌ನಲ್ಲಿರುವುದರಿಂದ ಕೀಡಿಗಿಂತ ಸ್ವಲ್ಪ ಭಾರ. ಆದರೆ ಅಂಗಡಿಯವರು ನಾಳೆ ತಾವೇ ಬದಲಿಸಿಕೊಳ್ಳಬೇಕು ಅಂದರೆ ನಾನು ಇದನ್ನೇ ಹಾಕಿಕೊಡುತ್ತೇನೆ. ಯಾರು ನೋಡಿಕೊಳ್ಳುತ್ತಾರೆ ಅನ್ನುವುದೂ ಒಂದು ಅಳತೆಯೇ ತಾನೆ?

ದುಡ್ಡು ಹಾಕುವ ದಾರಿ: ಫರ್ಮ್‌ವೇರ್

ಕ್ಯುಎಂಕೆ ಅನ್ನುವುದು ಕೀಬೋರ್ಡಿನ ಒಳಗೇ ಕೂರುವ ಓಪನ್ ಸೋರ್ಸ್ ಫರ್ಮ್‌ವೇರ್, ಅಂದರೆ ಕೀಬೋರ್ಡನ್ನೇ ನಡೆಸುವ ಪ್ರೋಗ್ರಾಂ. ವಯಾ, ವಯಲ್ ಎಂಬ ಪ್ರೋಗ್ರಾಂಗಳಿಂದ ಪರದೆಯ ಮೇಲೇ ಕೀ ಬದಲಿಸಬಹುದು. ವೈರ್‌ಲೆಸ್ ಕೀಬೋರ್ಡುಗಳಿಗೆ ಝೆಡ್‌ಎಂಕೆ ಇದೆ. ಬದಲಾವಣೆ ಕೀಬೋರ್ಡಿನಲ್ಲೇ ಉಳಿಯುವುದರಿಂದ ಯಾವ ಕಂಪ್ಯೂಟರಿಗೆ ಚುಚ್ಚಿದರೂ ಹಾಗೇ ಇರುತ್ತದೆ. ಲ್ಯಾಬಿನಲ್ಲಿ ರೂಟ್ ಅನುಮತಿ ಇಲ್ಲದವರಿಗೂ ನಡೆಯುತ್ತದೆ. ವಯಾ ಕ್ರೋಮ್ ಬ್ರೌಸರಿನಲ್ಲೇ ಓಡುತ್ತದೆ. ಆದರೆ ಲಿನಕ್ಸ್‌ನಲ್ಲಿ ಕೀಬೋರ್ಡನ್ನು ಮುಟ್ಟಲು ಬ್ರೌಸರಿಗೆ ಅನುಮತಿ ಕೊಡುವ ಒಂದು ಯುಡೆವ್ ನಿಯಮ ಮೊದಲು ಬರೆಯಬೇಕು.

ಇಂಥ ಪೂರ್ತಿ ಕೀಬೋರ್ಡಿಗೆ ಸಾವಿರಗಳಲ್ಲಿ ಖರ್ಚು. ನಾಲ್ಕಾರು ಕೀ ಸಾಕು ಅನ್ನುವವರು ಪೂರ್ತಿ ಕೀಬೋರ್ಡಿನ ಬದಲು ಕ್ಯುಎಂಕೆ ಇರುವ ಪುಟ್ಟ ಮ್ಯಾಕ್ರೊ ಪ್ಯಾಡ್ ನೋಡಬಹುದು. ಇನ್ನೂ ಅಗ್ಗ ಬೇಕೇ? ಮಾಮೂಲಿ ಯುಎಸ್‌ಬಿ ನಂಬರ್ ಪ್ಯಾಡ್ ಒಂದನ್ನು ತಂದು, ಅದರ ಗುರುತನ್ನು ಮಾತ್ರ ಕೀಡಿ ಕಾನ್ಫಿಗ್‌ನಲ್ಲಿ ಬರೆದು, ಅದರ ಕೀಗಳನ್ನು ಬೇಕಾದಂತೆ ಬದಲಿಸಿ. ಮುಖ್ಯ ಕೀಬೋರ್ಡು ಹಾಗೇ ಇರುತ್ತದೆ. ಉಳಿದವರಿಗೂ ತೊಂದರೆ ಇಲ್ಲ. ಕಡಿಮೆ ದುಡ್ಡಿನಲ್ಲಿ ಇದರಷ್ಟು ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಲಾಜಿಟೆಕ್ ಕೀಬೋರ್ಡು ಇರುವವರು ಸೋಲಾರ್, ಕೋರ್ಸೇರ್ ಇರುವವರು ಸಿಕೆಬಿ ನೆಕ್ಸ್ಟ್ ಎಂಬ ಪ್ರೋಗ್ರಾಂಗಳನ್ನು ಮೊದಲು ನೋಡಿ. ನಿಮ್ಮ ಮಾಡೆಲ್ ಅದರಲ್ಲಿದ್ದರೆ ಬೇರೆ ಹುಡುಕಾಟ ಬೇಡ.

ಕೋಪೈಲಟ್ ಕೀ

ಇದಕ್ಕೆ ಬೇರೆ ಜಾಗ ಕೊಡಲೇಬೇಕು. ಯಾಕೆಂದರೆ ಹೊಸ ಲ್ಯಾಪ್‌ಟಾಪ್ ತಂದವರ ಪ್ರಶ್ನೆಯೆಲ್ಲ ಇದೇ. ಮೈಕ್ರೋಸಾಫ್ಟ್ 2024ರ ಜನವರಿಯಲ್ಲಿ ಇದನ್ನು ಘೋಷಿಸಿತು. ಎಷ್ಟೋ ಮಾಡೆಲ್‌ಗಳಲ್ಲಿ ಬಲಗಡೆಯ ಕಂಟ್ರೋಲ್ ಅಥವಾ ಮೆನು ಕೀ ಕಿತ್ತು ಅಲ್ಲಿ ಇದನ್ನು ಕೂರಿಸಿದ್ದಾರೆ. ಅದು ಒಂದು ಕೀ ಅಲ್ಲ. ಒತ್ತಿದರೆ ಎಡ ಶಿಫ್ಟ್, ಎಡ ಸೂಪರ್, ಎಫ್23 ಮೂರೂ ಒಟ್ಟಿಗೆ ಹೋಗುತ್ತವೆ. ಹಾಗಾಗಿ ಇಲ್ಲಿ ಎಚ್‌ಡಬ್ಲ್ಯುಡಿಬಿ ಸೋಲುತ್ತದೆ. ಎಫ್23ನ್ನು ಬದಲಿಸಿದರೂ ಶಿಫ್ಟ್ ಮತ್ತು ಸೂಪರ್ ಅಂಟಿಕೊಂಡೇ ಬರುತ್ತವೆ. ಪ್ರೋಗ್ರಾಂ ತೆರೆಯಲು ಮಾತ್ರ ಬೇಕಾದರೆ ಡೆಸ್ಕ್‌ಟಾಪ್ ಶಾರ್ಟ್‌ಕಟ್ ಸಾಕು. ಹಳೆಯ ಎಕ್ಸ್‌ಕೆಬಿ ಪಟ್ಟಿ ಇದ್ದರೆ ಅಲ್ಲಿ ಎಫ್23 ಬದಲು ಟಚ್‌ಪ್ಯಾಡ್ ಆಫ್ ಅಂತ ಹೆಸರು ಕಾಣಬಹುದು. ಮತ್ತೆ ಕಂಟ್ರೋಲ್ ಆಗಬೇಕಾದರೆ ಕೀಡಿಯಲ್ಲಿ ಮೂರೂ ಕೀ ಒಟ್ಟಿಗೆ ಒತ್ತಿದ ಜೋಡಣೆಯನ್ನು (ಕಾರ್ಡ್, chord) ಬರೆಯಬೇಕು. ಅದಕ್ಕೂ ಮೊದಲು ಎವ್‌ಟೆಸ್ಟ್‌ನಲ್ಲಿ ಕೀ ಹಿಡಿದು ನೋಡಿ. 1 ಅಂದರೆ ಒತ್ತಿದ್ದು, 0 ಅಂದರೆ ಬಿಟ್ಟದ್ದು. ಬೆರಳು ಎತ್ತುವ ಮೊದಲೇ 0 ಬಂದರೆ ಆ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಹಿಡಿಯುವ ಕೀ ಮಾಡಲು ಆಗುವುದಿಲ್ಲ. ಭಾಷೆ ಬದಲಿಸುವ ಕೀ ಮಾಡಿಕೊಳ್ಳಿ.

ಯಾರಿಗೆ ಯಾವುದು

ಮಂಡಿಯ ಲೆಕ್ಕದ ಕಂಪ್ಯೂಟರಿಗೆ ಎಚ್‌ಡಬ್ಲ್ಯುಡಿಬಿಯಲ್ಲಿ ಪವರ್ ಕೀ ಸಾಯಿಸಿ, ಕ್ಯಾಲ್ಕುಲೇಟರ್ ಕೀಗೆ ಜೀವ ಕೊಟ್ಟು ಬಿಟ್ಟುಬಿಡಿ. ಅಲ್ಲಿ ಕೀಡಿ ಹಾಕಿದರೆ ಆರು ತಿಂಗಳ ಮೇಲೆ ಏನು ಮಾಡಿದ್ದೆವು ಅಂತ ಯಾರಿಗೂ ನೆನಪಿರುವುದಿಲ್ಲ. ಡಿಟಿಪಿಯವರಿಗೆ ಎಕ್ಸ್‌ಕೆಬಿಯ ಶಿಫ್ಟ್ ಸ್ಪೇಸ್, ಜೊತೆಗೆ ಇನ್‌ಪುಟ್ ರೀಮ್ಯಾಪರ್ ಅಥವಾ ಕೀಡಿ ಹಾಕಿದ ನಂಬರ್ ಪ್ಯಾಡ್. ಪೇಜ್‌ಮೇಕರ್ ಮತ್ತು ಹಳೆಯ ನುಡಿ ಫಾಂಟಿಗೇ ಅಂಟಿಕೊಂಡ ಕೆಲಸ ಇದ್ದರೆ ಮಾತ್ರ ಲಿನಕ್ಸ್‌ಗೆ ಬರುವುದನ್ನೇ ಇನ್ನೊಮ್ಮೆ ಯೋಚಿಸಿ. ಕೋಡ್ ಬರೆಯುವ ಎಂಜಿನಿಯರಿಂಗ್ ಹುಡುಗರು ಸೀದಾ ಕೀಡಿಗೆ ಹೋಗಲಿ. ಕ್ಯಾಪ್ಸ್ ಲಾಕ್ ಒಂದನ್ನು ಬದಲಿಸಿದರೇ ಸಂತೋಷಪಡುತ್ತಾರೆ. ಕ್ಯುಎಂಕೆ ಕೀಬೋರ್ಡು ಕೆಲಸ ಸಿಕ್ಕಿದ ಮೇಲೆ ತಗೊಂಡರೂ ಆಗುತ್ತದೆ.

ಹೊಸ ಕೀಬೋರ್ಡೇ ತರಬೇಕು ಅಂತಿದ್ದರೆ ಅಂಗಡಿಗೆ ಹೋಗುವಾಗ ಲೈವ್ ಲಿನಕ್ಸ್ ಇರುವ ಪೆನ್‌ಡ್ರೈವೋ, ನಿಮ್ಮ ಲ್ಯಾಪ್‌ಟಾಪೋ ಜೇಬಿಗೆ, ಚೀಲಕ್ಕೆ ಹಾಕಿಕೊಳ್ಳಿ. ಎವ್‌ಟೆಸ್ಟ್ ಮೊದಲೇ ಹಾಕಿರಲಿ. ಕೌಂಟರಿನಲ್ಲೇ ಚುಚ್ಚಿ ಮೇಲಿನ ಸಾಲಿನ ಪ್ರತಿ ಕೀಯನ್ನೂ ಒತ್ತಿ. ಪಟ್ಟಿಯಲ್ಲಿ ಸ್ಕ್ಯಾನ್‌ಕೋಡ್ ಬಂದ ಕೀಗೆ ಮನೆಗೆ ಬಂದ ಮೇಲೆ ಏನಾದರೂ ಒಂದು ದಾರಿ ಮಾಡಬಹುದು. ಏನೂ ಬಾರದ ಕೀಗಳೇ ಜಾಸ್ತಿ ಇದ್ದರೆ ಪಕ್ಕದ ಮಾಡೆಲ್ ತೋರಿಸಿ ಅನ್ನಿ.